ಎಐಗೆ ಕಾಮನ್‌ಸೆನ್ಸ್ ಎಷ್ಟಿದೆ? ಕನ್ನಡದಲ್ಲಿ ಅಳೆಯುವ ಬಗೆ

ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಎಐ ಮಾದರಿ ತಪ್ಪು ಉತ್ತರ ಕೊಟ್ಟಿತು ಅನ್ನಿ. ಅದಕ್ಕೆ ಕಾಮನ್‌ಸೆನ್ಸ್ ಸಾಲದೆ ಹೋಗಿರಬಹುದು, ಇಲ್ಲವೇ ನಮ್ಮ ಕನ್ನಡವೇ ತಿಳಿಯದೆ ಹೋಗಿರಬಹುದು. ಎರಡನ್ನೂ ಕಲಸಿ "ಈ ಮಾದರಿಗೆ ಶೇ 62" ಎಂದು ಬರೆದಿಟ್ಟರೆ ಯಾರಿಗೂ ಉಪಯೋಗವಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವವರು, ರೈತರಿಗೋ ಬ್ಯಾಂಕಿಗೋ ಕನ್ನಡ ಚಾಟ್‌ಬಾಟ್ ಕಟ್ಟುವವರು ಇವೆರಡನ್ನೂ ಬೇರ್ಪಡಿಸಿ ಅಳೆಯಲು ಬೇಕಾದ ಪರೀಕ್ಷೆಯನ್ನು ಹೀಗೆ ಕಟ್ಟಬಹುದು.

ಇರುವ ಪರೀಕ್ಷೆಗಳನ್ನೇ ಬಳಸಬಾರದೇ ಎಂದು ಕೇಳುವವರಿಗೆ ಎರಡು ಮಾತು. ಸರ್ವನಾಮ ಯಾರಿಗೆ ಸಲ್ಲುತ್ತದೆ ಎಂದು ಕೇಳುವ ವಿನೋಗ್ರಾಡ್ ಸ್ಕೀಮಾ ಪರೀಕ್ಷೆಯನ್ನು ಕಂಪ್ಯೂಟರ್ ವಿಜ್ಞಾನಿ ಹೆಕ್ಟರ್ ಲೆವೆಕ್ 2011ರಲ್ಲಿ ಮುಂದಿಟ್ಟರು. ಅದರ ಹೆಚ್ಚು ಬಳಕೆಯ ಕಂತೆಯಲ್ಲಿ 273 ಪ್ರಶ್ನೆಗಳಿವೆ. 2019ರ ಹೊತ್ತಿಗೆ ಮಾದರಿಗಳು ಅದರಲ್ಲಿ ಶೇ 90ರ ಸುಮಾರಿಗೆ ಬಂದುಬಿಟ್ಟವು. ತಿಳಿದು ಉತ್ತರಿಸಿದವೋ, ಯಾವ ಪದದ ಜೊತೆ ಯಾವ ಪದ ಬರುತ್ತದೆ ಎಂದು ನೋಡಿ ಊಹಿಸಿದವೋ ಎಂಬ ಅನುಮಾನದಿಂದ ಸುಮಾರು 44,000 ಪ್ರಶ್ನೆಗಳ ವಿನೋಗ್ರಾಂಡೆ ಎಂಬ ಹೊಸ ಪರೀಕ್ಷೆ ಹುಟ್ಟಿತು. ಈಗ ಇವೆಲ್ಲ ಉತ್ತರದ ಸಮೇತ ಅಂತರ್ಜಾಲದಲ್ಲಿವೆ, ಅಂದರೆ ಮಾದರಿಗಳು ಓದಿಕೊಂಡೇ ಬಂದಿರಬಹುದು. ಕಾರಣ-ಪರಿಣಾಮ ಕೇಳುವ ಕೋಪಾ ಪರೀಕ್ಷೆಯನ್ನು 2020ರಲ್ಲಿ 11 ಭಾಷೆಗಳಿಗೆ ತಂದಾಗ ಭಾರತದ ಪಾಲಿಗೆ ಇದ್ದದ್ದು ತಮಿಳೊಂದೇ. ಕನ್ನಡದ ಅನುವಾದ ಎಐ4ಭಾರತ್ ತಂಡದ ಇಂಡಿಕ್‌ಕೋಪಾದಲ್ಲಿದೆ. ಹೋಲಿಕೆಗೆ ಅದನ್ನು ಓಡಿಸಿ ನೋಡಿ, ಆದರೆ ಅದರೊಳಗಿನ ಬದುಕು ಇಂಗ್ಲಿಷಿನದು.

ಜಿಕೆ ಪ್ರಶ್ನೆ ಬೇಡ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕೊರತೆಯಿಲ್ಲ. ಅವರನ್ನು ಪ್ರಶ್ನೆ ಬರೆಯಲು ಕೂಡಿಸಿದರೆ ಮಾತ್ರ ಬರುವುದೆಲ್ಲ ಜಿಕೆ. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮ್ ಎಷ್ಟು ಮೀಟರ್ ಎಂದು ಕೇಳಿದರೆ 1,507 ಎಂಬ ಅಂಕಿ ನೆನಪಿರಬೇಕು, ಅಷ್ಟೇ. ಅದೇ ಪ್ಲಾಟ್‌ಫಾರ್ಮ್ ಇಟ್ಟುಕೊಂಡು ಹೀಗೆ ಕೇಳಿ: "ರೈಲು ಬಿಡಲು ಎರಡೇ ನಿಮಿಷ ಇದೆ. ಅಜ್ಜಿಗೆ ಮೊಣಕಾಲು ನೋವು. ಅವರ ಬೋಗಿ ಆ ತುದಿಗಿದೆ, ಒಳಗಿಂದ ಒಳಗೆ ಎಲ್ಲ ಬೋಗಿಗಳಿಗೂ ದಾರಿ ಇದೆ. ಮೊಮ್ಮಗ ಏನು ಮಾಡಬೇಕು?" ಎದುರಿಗೆ ಸಿಕ್ಕ ಬೋಗಿ ಹತ್ತಿಸಿ ಆಮೇಲೆ ಒಳಗಿಂದ ನಡೆಸಿಕೊಂಡು ಹೋಗಬೇಕು ಎನ್ನಲು ಯಾವ ಅಂಕಿಯೂ ಬೇಕಿಲ್ಲ. ಉತ್ತರಕ್ಕೆ ಬೇಕಾದ ವಿಶೇಷ ಮಾಹಿತಿಯೆಲ್ಲ ಪ್ರಶ್ನೆಯಲ್ಲೇ ಇರಬೇಕು. ಮೇಲಿನ ಪ್ರಶ್ನೆಯಲ್ಲಿ "ಒಳಗಿಂದ ದಾರಿ ಇದೆ" ಎಂಬ ಮಾತನ್ನು ತೆಗೆದರೆ ಉತ್ತರ ಅಲುಗಾಡುತ್ತದೆ, ಯಾಕೆಂದರೆ ಜನರಲ್ ಬೋಗಿಯಿಂದ ಮುಂದಕ್ಕೆ ದಾರಿ ಸಿಗದೆಯೂ ಇರಬಹುದು.

ಎಲ್ಲವೂ ಜೋಡಿಯಾಗಿ

ಒಂಟಿ ಪ್ರಶ್ನೆ ಬರೆಯಬೇಡಿ. ಒಂದೇ ಸನ್ನಿವೇಶ, ಅವೇ ಎರಡು ಆಯ್ಕೆ, ಬದಲಾಗುವುದು ಒಂದೆರಡು ಸಂಗತಿ, ಅದರಿಂದ ಉತ್ತರ ತಿರುಗಬೇಕು. ಬ್ಯಾಡಗಿ ಕಡೆಯ ಒಂದು ಜೋಡಿ:

ಅ) ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮಧ್ಯಾಹ್ನ ಮೂರಕ್ಕೆ ಮೋಡ ಕವಿದು ಕಪ್ಪಾಯಿತು. ಬಸವ್ವ ಮೊದಲು ಏನು ಮಾಡುತ್ತಾಳೆ?
ಆ) ಕಣದಲ್ಲಿ ಮೆಣಸಿನಕಾಯಿ ಗುಡ್ಡೆ ಹಾಕಿದ್ದರು. ಬೆಳಿಗ್ಗೆ ಮೋಡ ಸರಿದು ಬಿಸಿಲು ಬಿತ್ತು, ಕಾಯಿ ಇನ್ನೂ ಹಸಿ ಇತ್ತು. ಬಸವ್ವ ಮೊದಲು ಏನು ಮಾಡುತ್ತಾಳೆ?
1) ಕಾಯಿ ಒಟ್ಟು ಮಾಡಿ ತಾಡಪತ್ರಿ ಹೊದಿಸುತ್ತಾಳೆ. 2) ಕಾಯಿ ಕಣದ ತುಂಬ ತೆಳ್ಳಗೆ ಹರವುತ್ತಾಳೆ.

ಎರಡರಲ್ಲೂ "ಮೋಡ" ಬೇಕೆಂದೇ ಇದೆ. ಒಂದರಲ್ಲಷ್ಟೇ ಇದ್ದರೆ ಮೋಡ ಎಂದಾಕ್ಷಣ ಹೊದಿಸುವುದನ್ನು ಆರಿಸಿ ಮಾದರಿ ಪಾಸಾಗಿಬಿಡುತ್ತದೆ. ಆಯ್ಕೆಗಳ ಉದ್ದ ಹೆಚ್ಚುಕಡಿಮೆ ಒಂದೇ ಇರಲಿ. ಜೋಡಿಯಿಂದ ಇನ್ನೊಂದು ಲಾಭವಿದೆ: ಸನ್ನಿವೇಶ ಓದದೆ ಆಯ್ಕೆಯನ್ನಷ್ಟೇ ನೋಡಿ ಆರಿಸುವ ಮಾದರಿ ಪ್ರತಿ ಜೋಡಿಯಲ್ಲೂ ಒಂದನ್ನು ಸರಿ, ಒಂದನ್ನು ತಪ್ಪು ಮಾಡುತ್ತದೆ. ಒಂಟಿ ಎಣಿಕೆಯಲ್ಲಿ ಅದಕ್ಕೆ ಶೇ 50 ಬಂದರೂ ಜೋಡಿ ಎಣಿಕೆಯಲ್ಲಿ ಬರುವುದು ಸೊನ್ನೆ. ಎರಡೂ ಸರಿ ಇದ್ದರೆ ಮಾತ್ರ ಒಂದು ಅಂಕ ಕೊಡಿ.

ವಿನೋಗ್ರಾಡ್ ಬಗೆಯ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯುವಾಗ ವ್ಯಾಕರಣವೇ ಉತ್ತರ ಹೇಳಿಕೊಡುವ ಅಪಾಯ ಹೆಚ್ಚು. "ಶಾಂತವ್ವ ಗಂಗವ್ವನ ಮನೆಗೆ ಮೊಸರು ಕೇಳಲು ಹೋದಳು, ಯಾಕೆಂದರೆ ಅವಳ ಎಮ್ಮೆಯ ಹಾಲು ಬತ್ತಿತ್ತು. ಯಾರ ಎಮ್ಮೆ?" ಇದರ ಜೋಡಿಯಲ್ಲಿ "ಅವಳ ಎಮ್ಮೆ ಎರಡೂ ಹೊತ್ತು ಚೆನ್ನಾಗಿ ಹಾಲು ಕೊಡುತ್ತಿತ್ತು". ಗಂಗವ್ವನ ಬದಲು ಬಸಪ್ಪ ಎಂದು ಬರೆದರೆ "ಅವಳ" ಎಂಬುದೇ ಉತ್ತರ. "ತನ್ನ ಎಮ್ಮೆ" ಎಂದರೂ ಮುಗಿಯಿತು, ಅದು ಕರ್ತೃವಿಗೇ ಅಂಟುತ್ತದೆ. ಒಬ್ಬರು ಹಿರಿಯರು, ಒಬ್ಬ ಹುಡುಗ ಇದ್ದರೆ "ಅವರ" ಎಂಬ ಬಹುವಚನದಿಂದಲೇ ಗುಟ್ಟು ಬಿಡುತ್ತದೆ. ಇಬ್ಬರೂ ಒಂದೇ ಲಿಂಗ, ಒಂದೇ ವಚನ, ಒಂದೇ ಮರ್ಯಾದೆಯವರಾಗಿರಬೇಕು. ಇಂಗ್ಲಿಷಿನ ಹಳೆಯ ಪ್ರಶ್ನೆಗಳನ್ನು ಯಂತ್ರದಿಂದ ಅನುವಾದಿಸಿ ತಂದವರು ಎಡವುವುದು ಬಹುತೇಕ ಇಲ್ಲಿಯೇ.

200 ಜೋಡಿ, ಅಂದರೆ 400 ಪ್ರಶ್ನೆ, ಒಳ್ಳೆಯ ಗುರಿ. ವಸ್ತುಗಳ ಗುಣ, ಕಾರಣ-ಪರಿಣಾಮ, ಸಮಯ-ಕ್ರಮ, ಇನ್ನೊಬ್ಬರಿಗೆ ಏನು ಗೊತ್ತಿದೆ ಏನು ಗೊತ್ತಿಲ್ಲ, ನಡೆ-ನುಡಿಯ ರೀತಿ ಎಂದು ಐದು ವಿಭಾಗ ಮಾಡಿ ತಲಾ 40 ಜೋಡಿ ಬರೆಯಿರಿ. ಬಿಟ್ಟರೆ ಎಲ್ಲರೂ ಮೊದಲ ಎರಡರಲ್ಲೇ ಬರೆಯುತ್ತಾರೆ.

ಮನುಷ್ಯರ ಮೇಲೆ ಮೊದಲು

ಪ್ರಶ್ನೆ ಬರೆಯದ ಐದು ಜನರಿಗೆ ಎಲ್ಲವನ್ನೂ ಕೊಡಿ, ಆದರೆ ಜೋಡಿಯ ಎರಡು ಪ್ರಶ್ನೆ ಒಟ್ಟಿಗೆ ಬರದಂತೆ ಕಲೆಸಿರಿ. ಐವರಲ್ಲಿ ಒಂದೇ ಉತ್ತರ ಕೊಟ್ಟವರು ನಾಲ್ವರಿಗಿಂತ ಕಡಿಮೆ ಇದ್ದರೆ ಆ ಪ್ರಶ್ನೆಯನ್ನು ಅದರ ಜೋಡಿಯ ಸಮೇತ ತೆಗೆಯಿರಿ. ಈ ಐವರು ಒಂದೇ ಹಾಸ್ಟೆಲ್‌ನವರಾಗುವುದು ಬೇಡ. ರಾತ್ರಿ ಜೋರು ಮಳೆಯಾದ ಮೇಲೆ ಬೆಳಿಗ್ಗೆ ಹೊಲಕ್ಕೆ ಗೊಬ್ಬರದ ಟ್ರ್ಯಾಕ್ಟರ್ ಒಯ್ಯಬಹುದೇ ಎಂದು ಕೇಳಿ ನೋಡಿ. ನವಲಗುಂದ, ರೋಣ ಕಡೆಯ ಎರಿಭೂಮಿಯವರು ಗಾಲಿ ಹೂತುಹೋಗುತ್ತದೆ, ಬೇಡವೇ ಬೇಡ ಎನ್ನುತ್ತಾರೆ. ಕೆಂಪು ಮಣ್ಣಿನವರಿಗೆ ಅದು ಅಷ್ಟು ಖಚಿತವಲ್ಲ. ಇಂಥದ್ದು ಭಿನ್ನಾಭಿಪ್ರಾಯವೆಂದು ಎಸೆಯುವಂಥದ್ದಲ್ಲ. ಪ್ರಶ್ನೆಯಲ್ಲಿ "ಎರಿ ಹೊಲ, ಮಳೆ ಬಂದರೆ ಕಾಲಿಗೆ ಮೆತ್ತುವ ಮಣ್ಣು" ಎಂದು ಸೇರಿಸಿ ಮತ್ತೆ ಐವರಿಗೂ ಕೊಡಿ.

ತೆಗೆದುಹಾಕುವುದಕ್ಕೆ ಲೆಕ್ಕ ಇಟ್ಟುಕೊಂಡು 260 ಜೋಡಿಯಾದರೂ ಬರೆಸುವುದು ಒಳ್ಳೆಯದು.

ಒಂದು ಪ್ರಶ್ನೆ, ಮೂರು ವೇಷ

ಪರೀಕ್ಷೆಯ ಜೀವ ಇರುವುದು ಇಲ್ಲಿ. ಪ್ರತಿ ಪ್ರಶ್ನೆಯನ್ನೂ ಬರವಣಿಗೆಯ ಕನ್ನಡ, ಈ ಕಡೆಯ ಆಡುಮಾತು, ಇಂಗ್ಲಿಷ್ ಎಂದು ಮೂರು ರೂಪದಲ್ಲಿ ಸಿದ್ಧ ಮಾಡಿ. ಮೇಲಿನ ಮೊದಲ ಪ್ರಶ್ನೆ ಆಡುಮಾತಿನಲ್ಲಿ ಹೀಗಿರುತ್ತದೆ: "ಕಣದಾಗ ಮೆಣಸಿನಕಾಯಿ ಒಣಾ ಹಾಕಿದ್ರು. ಮಧ್ಯಾಹ್ನ ಮೂರಕ್ಕ ಮೋಡ ಕವದು ಕಪ್ಪಾತು. ಬಸವ್ವ ಮದ್ಲ ಏನ್ ಮಾಡ್ತಾಳ?" ಬರವಣಿಗೆಯ ಕನ್ನಡಕ್ಕೆ ಬಾಲ ಬದಲಿಸಿ ಇದನ್ನು ತಯಾರಿಸಲು ಹೋಗಬೇಡಿ, ಬಾಯಿಬಿಟ್ಟು ಹೇಳಿಸಿ ಬರೆದುಕೊಳ್ಳಿ. ಮದ್ಲ, ಮೊದ್ಲ, ಮದಲ ಎಂದು ಒಬ್ಬೊಬ್ಬರು ಒಂದೊಂದು ಬರೆಯುವುದರಿಂದ ಕಾಗುಣಿತದ ಒಂದು ಪಟ್ಟಿ ಮಾಡಿಕೊಂಡು ಎಲ್ಲರೂ ಅದನ್ನೇ ಹಿಡಿಯಿರಿ.

ಫಲಿತಾಂಶ ಓದುವುದು ಹೀಗೆ. ಇಂಗ್ಲಿಷಿನಲ್ಲಿ ಸರಿ, ಕನ್ನಡದ ಎರಡರಲ್ಲೂ ತಪ್ಪು ಎಂದರೆ ತೊಂದರೆ ಭಾಷೆಯದು. ಬರವಣಿಗೆಯಲ್ಲಿ ಸರಿ, ಆಡುಮಾತಿನಲ್ಲಿ ತಪ್ಪು ಎಂದರೆ ಧಾರವಾಡ ಕನ್ನಡ ಅದರ ಓದಿನಲ್ಲಿ ಸಾಲದು. ಮೂರರಲ್ಲೂ ತಪ್ಪಿದವು ಮಾತ್ರ ಕಾಮನ್‌ಸೆನ್ಸಿನ ಲೆಕ್ಕಕ್ಕೆ ಬರುತ್ತವೆ. ಒಂದು ಎಚ್ಚರಿಕೆ: ಇಂಗ್ಲಿಷಿಗೆ ತರುವವರು ಒಳ್ಳೆಯ ಮನಸ್ಸಿನಿಂದ ವಿವರ ಸೇರಿಸುತ್ತಾರೆ. ತಾಡಪತ್ರಿಯನ್ನು "ಮಳೆಗೆ ಹೊದಿಸುವ ತಾಡಪತ್ರಿ" ಎಂದು ತಂದರೆ ಇಂಗ್ಲಿಷ್ ರೂಪ ಸುಲಭವಾಗಿ, ಇಲ್ಲದ ಅಂತರ ಕಾಣುತ್ತದೆ.

ಓಡಿಸುವಾಗ

ಚಾಟ್ ಪರದೆಯಲ್ಲಿ ಒಂದೊಂದಾಗಿ ಅಂಟಿಸುವುದು ಆಗದ ಮಾತು. ಆಯ್ಕೆಗಳ ಕ್ರಮ ಅದಲುಬದಲು ಮಾಡಿ ಪ್ರತಿ ಪ್ರಶ್ನೆಯನ್ನು ಎರಡು ಸಲ ಕೇಳಬೇಕು, ಮೊದಲ ಆಯ್ಕೆಯ ಕಡೆಗೇ ವಾಲುವ ಚಾಳಿ ಹಲವು ಮಾದರಿಗಳಿಗಿದೆ. 400 ಪ್ರಶ್ನೆ, 2 ಕ್ರಮ, 3 ರೂಪ: ಒಂದು ಮಾದರಿಗೆ 2,400 ಸಲ ಪ್ರಶ್ನೆ ಕಳಿಸಬೇಕು. ಎಪಿಐ (ಕೋಡ್ ಮೂಲಕ ಮಾದರಿಯನ್ನು ಕೇಳುವ ದಾರಿ) ಬಳಸಿ, ಪ್ರತಿ ಪ್ರಶ್ನೆಯೂ ಹೊಸ ಸಂಭಾಷಣೆಯಾಗಿರಲಿ, ಟೆಂಪರೇಚರ್ (ಉತ್ತರ ಎಷ್ಟು ಆಚೀಚೆ ಆಗಬಹುದು ಎಂಬ ಸೆಟ್ಟಿಂಗ್) ಬದಲಿಸಲು ಬಿಡುವ ಮಾದರಿಯಾದರೆ ಸೊನ್ನೆಗಿಡಿ. ಸೊನ್ನೆಗಿಟ್ಟರೂ ಉತ್ತರ ಆಗಾಗ ಬದಲಾಗಬಹುದು, ಹಾಗಾಗಿ 50 ಪ್ರಶ್ನೆಗಳನ್ನು ಮೂರು ಸಲ ಓಡಿಸಿ ಎಷ್ಟು ಅಲುಗಾಡುತ್ತದೆ ನೋಡಿಕೊಳ್ಳಿ.

ಪ್ರಾಂಪ್ಟಿನ, ಅಂದರೆ ಮಾದರಿಗೆ ಕೊಡುವ ಸೂಚನೆಯ, ಕೊನೆಗೆ "ಕೊನೆಯ ಸಾಲಿನಲ್ಲಿ ಉತ್ತರ: 1 ಅಥವಾ ಉತ್ತರ: 2 ಎಂದಷ್ಟೇ ಬರೆಯಿರಿ" ಎಂದು ಹೇಳಿ. ಹೇಳಿದರೂ ಕೆಲವು "ಉತ್ತರ: ೧" ಎನ್ನುತ್ತವೆ, ಕೆಲವು "ಮೊದಲನೆಯದು" ಎನ್ನುತ್ತವೆ. ಉತ್ತರ ಹೆಕ್ಕುವ ಕೋಡ್ ಕನ್ನಡ ಅಂಕಿಯನ್ನೂ ಗುರುತಿಸಬೇಕು. ಯೂನಿಕೋಡ್ ಎನ್‌ಎಫ್‌ಸಿಗೆ (ಒಂದೇ ಅಕ್ಷರದ ಬೇರೆಬೇರೆ ಸಂಕೇತಗಳನ್ನು ಒಂದೇ ಮಾಡುವ ರೂಪ) ತಂದುಕೊಂಡು, ಕಣ್ಣಿಗೆ ಕಾಣದ ಶೂನ್ಯ-ಅಗಲದ ಅಕ್ಷರಗಳನ್ನು ತೆಗೆದ ಮೇಲೆ ಹೋಲಿಸಿ. ಹೆಕ್ಕಲಾಗದ ಉತ್ತರವನ್ನು ತಪ್ಪಿಗೆ ಸೇರಿಸದೆ ಬೇರೆಯೇ ಎಣಿಸಿ. ಅದು ಶೇ 2 ದಾಟಿದರೆ ದೋಷ ನಿಮ್ಮ ಪ್ರಾಂಪ್ಟಿನದೋ ಕೋಡಿನದೋ ಇರುವ ಸಂಭವವೇ ಹೆಚ್ಚು.

ಹೊಸಬರು ತಿಂಗಳುಗಟ್ಟಲೆ ಗಮನಿಸದ ಒಂದು ದೋಷ ಟೋಕನ್ ಮಿತಿ. ಟೋಕನ್ ಎಂದರೆ ಮಾದರಿ ಪದಗಳನ್ನು ಒಡೆದುಕೊಳ್ಳುವ ಚೂರು, ಉತ್ತರ ಎಷ್ಟು ಚೂರಿಗೆ ನಿಲ್ಲಬೇಕು ಎಂಬುದೇ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಬಹುಪಾಲು ಟೋಕನೈಜರ್‌ಗಳು ಕನ್ನಡದ ಪದವನ್ನು ಇಂಗ್ಲಿಷಿನದಕ್ಕಿಂತ ಹೆಚ್ಚು ಚೂರು ಮಾಡುತ್ತವೆ. ಮಿತಿ 200 ಇಟ್ಟರೆ ಇಂಗ್ಲಿಷಿನ ವಿವರಣೆ ಪೂರ್ತಿಯಾಗಿ, ಕನ್ನಡದ್ದು ಉತ್ತರದ ಸಾಲು ಬರುವ ಮೊದಲೇ ಕತ್ತರಿಸಿಹೋಗುತ್ತದೆ, ನೋಡುವವರಿಗೆ ಕನ್ನಡದಲ್ಲಿ ದಡ್ಡ ಎನಿಸುತ್ತದೆ. ಸಾವಿರಕ್ಕಿಂತ ಹೆಚ್ಚು ಇಡಿ, ಯೋಚಿಸಿ ಉತ್ತರಿಸುವ ಮಾದರಿಗೆ ಇನ್ನೂ ಹೆಚ್ಚು. ಪ್ರತಿ ಉತ್ತರ ಯಾಕೆ ನಿಂತಿತು ಎಂಬ ಮಾಹಿತಿಯನ್ನೂ ಉಳಿಸಿ, ಮಿತಿ ಮುಟ್ಟಿ ನಿಂತವನ್ನು ಮತ್ತೆ ಓಡಿಸಿ.

ಪ್ರಶ್ನೆಗಳನ್ನು ಸಾರ್ವಜನಿಕ ಗಿಟ್‌ಹಬ್‌ಗೆ ಹಾಕಬೇಡಿ. 20 ಜೋಡಿ ಉದಾಹರಣೆಗೆಂದು ತೋರಿಸಿದರೆ ಸಾಕು.

ಅಂಕಿ ಹೇಳುವ ಮೊದಲು

200 ಜೋಡಿಯಲ್ಲಿ ಶೇ 70 ಬಂದರೆ ಅದರ ಆಚೀಚೆ ಸುಮಾರು 6.4 ಶೇಕಡಾ ಅಂಶದ ಅನಿಶ್ಚಿತತೆ (ಶೇ 95 ಭರವಸೆಯ ಮಟ್ಟದಲ್ಲಿ) ಇದ್ದೇ ಇದೆ. 0.7ನ್ನು 0.3ರಿಂದ ಗುಣಿಸಿ, 200ರಿಂದ ಭಾಗಿಸಿ, ವರ್ಗಮೂಲ ತೆಗೆದು 1.96ರಿಂದ ಗುಣಿಸಿದರೆ 0.064, ಅಂದರೆ ಶೇ 6.4 ಬರುತ್ತದೆ. ಎರಡು ಮಾದರಿಗಳನ್ನು ಹೋಲಿಸುವಾಗ ಇಬ್ಬರೂ ಸರಿ ಮಾಡಿದ, ಇಬ್ಬರೂ ತಪ್ಪಿದ ಜೋಡಿಗಳನ್ನು ಬದಿಗಿಟ್ಟು ಒಬ್ಬರಷ್ಟೇ ಗೆದ್ದವನ್ನು ಎಣಿಸಿ. ಇದಕ್ಕೆ ಮೆಕ್‌ನೆಮಾರ್ ಪರೀಕ್ಷೆ ಎನ್ನುತ್ತಾರೆ. ಅಂಥ 28ರಲ್ಲಿ 18 ಒಂದಕ್ಕೆ, 10 ಇನ್ನೊಂದಕ್ಕೆ ಬಂದರೆ ಶೇ 74, ಶೇ 70 ಎಂದು ಕಾಣುತ್ತದೆ, ಆದರೆ ಇದು ಆಕಸ್ಮಿಕವಾಗಿಯೂ ಬರಬಹುದಾದ ಅಂತರ. 22ಕ್ಕೆ 6 ಬಂದರೆ ಒಂದು ಮೇಲು ಎನ್ನಬಹುದು. 40 ಜೋಡಿಯ ವಿಭಾಗಗಳಲ್ಲಿ ಮಾದರಿಗಳನ್ನು ಸಾಲಾಗಿ ನಿಲ್ಲಿಸುವ ಚಪಲ ಬೇಡ.

ಆಮೇಲೆ ತಪ್ಪಿದವುಗಳಲ್ಲಿ 50 ಎತ್ತಿಕೊಂಡು ಮಾದರಿಯ ವಿವರಣೆ ಓದಿ. ಬೇರೆ ಸಂಭಾಷಣೆಯಲ್ಲಿ "ಕಣದಾಗ ಮೆಣಸಿನಕಾಯಿ ಒಣಾ ಹಾಕಿದ್ರು ಅಂದರೇನು?" ಎಂದು ಕೇಳಿದರೆ ಕಣವನ್ನು ಅದು ಚುನಾವಣೆಯ ಕಣವೆಂದು ತಿಳಿದಿದೆಯೋ, ರಾಶಿ ಮಾಡುವ ಜಾಗವೆಂದು ತಿಳಿದಿದೆಯೋ ಗೊತ್ತಾಗುತ್ತದೆ. ಪದ ತಿಳಿದಿಲ್ಲ, ವಾಕ್ಯ ತಿಳಿದಿಲ್ಲ, ಎಲ್ಲ ತಿಳಿದೂ ತಪ್ಪು ತೀರ್ಮಾನ, ಪ್ರಶ್ನೆಯೇ ತಪ್ಪು ಎಂದು ನಾಲ್ಕು ರಾಶಿ ಮಾಡಿ. ಇಬ್ಬರು ಬೇರೆಬೇರೆ ಕೂತು ವಿಂಗಡಿಸಲಿ. ನಾಲ್ಕನೆಯ ರಾಶಿ ಖಾಲಿ ಇರುವುದು ಅಪರೂಪ. ಅಲ್ಲಿ ಬಿದ್ದ ಜೋಡಿಯನ್ನು ಸೋತ ಮಾದರಿಗಷ್ಟೇ ಅಲ್ಲ, ಎಲ್ಲ ಮಾದರಿಗಳ ಲೆಕ್ಕದಿಂದಲೂ ತೆಗೆದು ಅಂಕಿಗಳನ್ನು ಮೊದಲಿಂದ ಎಣಿಸಿ. ವರದಿಯಲ್ಲಿ ಮಾದರಿಯ ಪೂರ್ತಿ ಹೆಸರು, ಓಡಿಸಿದ ತಾರೀಖು, ಪ್ರಾಂಪ್ಟಿನ ಪೂರ್ಣ ಪಾಠ, ತೆಗೆದುಹಾಕಿದ ಜೋಡಿಗಳ ಸಂಖ್ಯೆ ಇರಲಿ.