ಕೆರೆ ಬದಿಯ ಗದ್ದೆಯಲ್ಲಿ ಬೇಸಿಗೆಯ ಯಕ್ಷಗಾನ ಆಟ: ಗದ್ದೆ ಸಿದ್ಧ ಮಾಡುವ ಬಗೆ (ನನ್ನ ಅನುಭವ)

ಕಾರ್ಕಳ, ಹೆಬ್ರಿ ಕಡೆ ಘಟ್ಟದ ಬುಡದಲ್ಲಿ ಕೆರೆಗಳಿಗೆ ಬರವಿಲ್ಲ. ಆನೆಕೆರೆ, ರಾಮಸಮುದ್ರ, ವರಂಗದ ಬಸದಿಯ ಕೆರೆ ಎಲ್ಲರಿಗೂ ಗೊತ್ತು. ಊರೊಳಗಿನ ಸಣ್ಣ ಕೆರೆಗಳು ಇನ್ನೆಷ್ಟೋ ಇವೆ. ಸುಗ್ಗಿ ಕೊಯ್ಲು ಮುಗಿದ ಮೇಲೆ ಇಂಥ ಕೆರೆಗಳ ಹತ್ತಿರದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಆಡಿಸುವುದುಂಟು. ಮೇ 24–25ರ ಹೊತ್ತಿಗೆ, ಅಂದರೆ ತುಳು ತಿಂಗಳು ಬೇಷದ ಹತ್ತಕ್ಕೆ, ಪತ್ತನಾಜೆ. ಅಲ್ಲಿಗೆ ಮೇಳಗಳು (ಯಕ್ಷಗಾನ ತಂಡಗಳು) ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತವೆ. ಅಷ್ಟರೊಳಗೆ ನಡೆಯುವ ಆಟಗಳಲ್ಲಿ ಗದ್ದೆಯ ಜವಾಬ್ದಾರಿ ನನ್ನ ಪಾಲಿಗೆ ಬರುತ್ತದೆ. ಮೇಳದವರಿಗೆ ಅವರ ಕೆಲಸ ಚೆನ್ನಾಗಿ ಗೊತ್ತಿದೆ, ಪ್ರಸಂಗ ಯಾವುದಾದರೂ ಅವರು ಆಡಿ ತೋರಿಸುತ್ತಾರೆ. ಆಡಿಸುವವರ ಕೈಯಲ್ಲಿರುವುದು ಜಾಗ, ನೀರು, ಗಾಳಿ, ಕರೆಂಟು. ಆಟ ಕೆಡುವುದಿದ್ದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ.

ಮೊದಲು ಗದ್ದೆ. ಕೆರೆಗೆ ತಾಗಿದ, ತಗ್ಗಿನ ಬೈಲು ಗದ್ದೆ ನೋಡಲು ಚಂದ, ಆದರೆ ಬೇಡ. ಅಲ್ಲಿ ಕೊಳಕೆ (ಬೇಸಿಗೆಯ ಮೂರನೇ) ಬೆಳೆ ಇರಬಹುದು, ಇಲ್ಲದಿದ್ದರೂ ಒಂದು ಅಡಿ ಕೆಳಗೆ ತೇವ ಇದ್ದೇ ಇರುತ್ತದೆ. ರಂಗಸ್ಥಳದ (ಆಟದ ವೇದಿಕೆಯ) ಲಾರಿ ಒಳಗೆ ಬಂದರೆ ಹಿಂದಿನ ಚಕ್ರ ಹೂತುಹೋಗುತ್ತದೆ. ಎತ್ತರದ ಬೆಟ್ಟು ಗದ್ದೆ ಗಟ್ಟಿ, ಆದರೆ ನೆಲ ಒರಟು. ನಡುವಿನ ಮಜಲು ಗದ್ದೆಯೇ ಸರಿ. ಸುಗ್ಗಿಯ ನಂತರ ಉದ್ದು ಕಿತ್ತು ಖಾಲಿ ಬಿಟ್ಟದ್ದಾದರೆ ಇನ್ನೂ ಒಳ್ಳೆಯದು. 500 ಜನಕ್ಕೆ 20 ಸೆಂಟ್ಸ್ ಸಾಕು. ಅದು ಸುಮಾರು 8,700 ಚದರ ಅಡಿ. ನಡುವಿನ ದಾರಿಯೂ ಸೇರಿ ಒಂದು ಕುರ್ಚಿಗೆ 6 ಚದರ ಅಡಿಯಂತೆ 3,000 ಹೋದರೂ ರಂಗಸ್ಥಳ, ಚೌಕಿ (ವೇಷ ಕಟ್ಟುವ ಜಾಗ), ನಿಂತು ನೋಡುವವರಿಗೆ ಜಾಗ ಉಳಿಯುತ್ತದೆ.

ಕೂಳೆಯನ್ನು ಬುಡಮಟ್ಟ ಕತ್ತರಿಸಿ ಹೊರಗೆ ಸಾಗಿಸಬೇಕು. ಅಲ್ಲೇ ರಾಶಿ ಹಾಕಿದರೆ ಹಾವು ಸೇರುತ್ತದೆ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿದರೆ ಆಯಿತು. 60 ಅಡಿಗೆ ಆರಿಂಚು ಇಳಿಜಾರು ಸಿಕ್ಕರೆ ಅದೃಷ್ಟ. ಎತ್ತರದ ಕಡೆ ಜನ, ತಗ್ಗಿನ ಕಡೆ ರಂಗಸ್ಥಳ. ಉಲ್ಟಾ ಮಾಡಿದರೆ ಹಿಂದಿನ ಸಾಲಿನವರಿಗೆ ಕಿರೀಟದ ತುದಿ ಮಾತ್ರ ಕಾಣುತ್ತದೆ. ಧೂಳು ಅಡಗಿಸಲು 20 ಸೆಂಟ್ಸ್‌ಗೆ ಒಂದು ಸಲಕ್ಕೆ ಸಾವಿರ ಲೀಟರಿನಂತೆ ಎರಡು ಸಲ ನೀರು ಚಿಮುಕಿಸಬೇಕು, ಹಿಂದಿನ ಸಂಜೆ ಒಮ್ಮೆ, ಆಟದ ದಿನ ಮಧ್ಯಾಹ್ನ ಮೂರರೊಳಗೆ ಇನ್ನೊಮ್ಮೆ. ಐದು ಗಂಟೆಗೆ ಚಿಮುಕಿಸಿದರೆ ಮಣ್ಣು ಅಂಟುತ್ತದೆ, ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಒಳಗಿಳಿಯುತ್ತವೆ.

ಕೆರೆಯ ಅಂಚಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೇ ತಿಂಗಳಲ್ಲಿ ನೀರು ಹಿಂದೆ ಸರಿದು ಬಿರುಕು ಬಿಟ್ಟ ಕೆಸರಿನ ಪಟ್ಟಿ ಮೇಲೆ ಕಾಣುತ್ತದೆ. ಮೇಲ್ಪದರ ಒಣಗಿ ಗಟ್ಟಿಯಾಗಿದೆ ಅನಿಸುತ್ತದೆ. ಅದರ ದಪ್ಪ ಎರಡು ಮೂರು ಇಂಚು ಅಷ್ಟೇ, ಕೆಳಗೆ ಮೊಣಕಾಲು ಹುಗಿಯುವ ಕೆಸರು. ಮಕ್ಕಳು ಮೊದಲು ಓಡುವುದೇ ಅಲ್ಲಿಗೆ. ಒಂದು ಉದ್ದ ಕೋಲಿನಿಂದ ಚುಚ್ಚುತ್ತಾ ಬಂದು, ಕೋಲು ಒಳಗಿಳಿಯದೆ ನಿಲ್ಲುವ ಜಾಗದಿಂದ ಇನ್ನೂ 30 ಅಡಿ ಈಚೆಗೆ ಗೂಟ ಹೊಡೆದು ಎರಡು ಸಾಲು ಹಗ್ಗ ಕಟ್ಟಬೇಕು. ಕೆಳಗಿನ ಸಾಲು ಒಂದೂವರೆ ಅಡಿಗೆ, ಮೇಲಿನದು ಮೂರಡಿಗೆ. ಒಂದೇ ಸಾಲಾದರೆ ಮಕ್ಕಳು ಅಡಿಯಿಂದ ನುಸುಳುತ್ತಾರೆ. ಹಗ್ಗದ ಉದ್ದಕ್ಕೂ ಮಂದ ದೀಪ, ಈಜು ಬಲ್ಲ ಇಬ್ಬರು, ಗಾಳಿ ತುಂಬಿದ ಲಾರಿ ಟ್ಯೂಬು ಮತ್ತು 50 ಅಡಿ ಹಗ್ಗ. ಈ ಇಬ್ಬರಿಗೆ ಆ ರಾತ್ರಿ ಬೇರೆ ಕೆಲಸ ಹೇಳಬಾರದು. ಬಡಿಸಲು ಜನ ಸಾಲದೆ ಅವರನ್ನು ಕರೆಯುವುದು ಎಲ್ಲ ಊರಲ್ಲೂ ನಡೆಯುತ್ತದೆ.

ಇನ್ನು ರಂಗಸ್ಥಳದ ಮುಖ. ಕೆರೆಗೆ ಬೆನ್ನು ಹಾಕಿ, ಕನಿಷ್ಠ 100 ಅಡಿ ದೂರದಲ್ಲಿ ನಿಲ್ಲಿಸುವುದು ನನ್ನ ಆಯ್ಕೆ. ಕಾರಣ ಎರಡು. ರಾತ್ರಿ ನೀರಿನ ಮೇಲಿನ ಗಾಳಿ ತಂಪಾಗಿ, ಅದರ ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಕೆಳಗಿಳಿದು ನೀರಿನ ಮೇಲೆಯೇ ಸಾಗುತ್ತದೆ. ಈಚೆ ದಂಡೆಯ ಕೊನೆಯ ಸಾಲಿಗಿಂತ ಆಚೆ ದಂಡೆಯ ಮನೆಯವರಿಗೆ ಹಾಡುವ ಭಾಗವತರು ಸ್ಪಷ್ಟವಾಗಿ ಕೇಳಿಸುವುದು ಹೀಗೆ. ದೂರು ಬರುವುದೂ ಅಲ್ಲಿಂದಲೇ. ಧ್ವನಿವರ್ಧಕವನ್ನು ನೀರಿನ ಕಡೆ ತಿರುಗಿಸದಿದ್ದರೆ ಅರ್ಧ ತಂಟೆ ತೀರುತ್ತದೆ. ಎರಡನೆಯದು ಹುಳ. ಮೇ ತಿಂಗಳ ಮಳೆ ಒಂದು ಬಿದ್ದರೆ ಸಾಕು, ರೆಕ್ಕೆಯ ಗೆದ್ದಲು ಬೆಳಕಿಗೆ ಮುತ್ತುತ್ತವೆ. ದೀಪಗಳು ಮುಂದಿನ ಅಡ್ಡಪಟ್ಟಿಯಲ್ಲಿ ಹಿಂದಕ್ಕೆ ಮುಖ ಮಾಡಿರುವುದರಿಂದ, ಹಿಮ್ಮೇಳದ (ಭಾಗವತರು, ಚೆಂಡೆ, ಮದ್ದಳೆಯವರ) ಹಿಂದೆ ದಪ್ಪ ಕಪ್ಪು ಪರದೆ ಕಟ್ಟಿದರೆ ಬೆಳಕು ಕೆರೆಯ ಕಡೆ ಸೋರುವುದಿಲ್ಲ. ಕೆರೆಯೇ ಹಿನ್ನೆಲೆಯಾಗಿ ಕಾಣಲಿ ಎಂದು ಪರದೆ ಬಿಚ್ಚಿಸುವವರೂ ಇದ್ದಾರೆ. ಏಳೂವರೆಯ ಮೇಲೆ ಕತ್ತಲಲ್ಲಿ ಕೆರೆ ಯಾರಿಗೂ ಕಾಣುವುದಿಲ್ಲ, ಹುಳ ಮಾತ್ರ ಭಾಗವತರ ಬಾಯಿಗೇ ಬರುತ್ತದೆ.

ಶಬ್ದಕ್ಕೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ 12ರವರೆಗೆ ಸಡಿಲಿಸಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿಯಿಡೀ ನಡೆಯದ ಕಾಲಮಿತಿಯ ಆಟಗಳು ಹೆಚ್ಚಿದ್ದರಲ್ಲಿ ಇದರ ಪಾಲೂ ಇದೆ. ಅನುಮತಿಯ ಅರ್ಜಿಯನ್ನು ಠಾಣೆಗೆ, ಪಂಚಾಯತಿಗೆ ಮುಂಚಿತವಾಗಿಯೇ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಒಂದೇ ದೊಡ್ಡ ಪೆಟ್ಟಿಗೆಯ ಬದಲು ನಾಲ್ಕು ಸಣ್ಣವನ್ನು ಎಂಟೊಂಬತ್ತು ಅಡಿ ಎತ್ತರದಲ್ಲಿ, ಕೊನೆಯ ಸಾಲಿಗೆ ಗುರಿಯಾಗುವಂತೆ ಕೆಳಕ್ಕೆ ಬಾಗಿಸಿ ಕಟ್ಟಬೇಕು. ಬಯಲಲ್ಲಿ ದೂರ ಇಮ್ಮಡಿಯಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಜನರ ಹತ್ತಿರ ಇಟ್ಟಷ್ಟೂ ಕಡಿಮೆ ಶಬ್ದ ಸಾಕು. ಚೆಂಡೆಗೆ ಮೈಕ್ ಬೇಡವೇ ಬೇಡ, 500 ಜನಕ್ಕೆ ಅದು ತಾನಾಗಿಯೇ ಕೇಳುತ್ತದೆ. ಚೆಂಡೆಗೂ ಮೈಕ್ ಇಟ್ಟರೆ ಭಾಗವತರ ಮೈಕ್ ಏರಿಸಬೇಕು, ಆಮೇಲೆ ಮಾತು ಹೇಳುವ ಪಾತ್ರಧಾರಿಗಳದ್ದು, ಹಾಗೇ ಏರುತ್ತಾ ಹೋಗುತ್ತದೆ. ಹಿಮ್ಮೇಳದ ತಲೆಯ ಮೇಲೆ ಮಾಡು ಇರಲೇಬೇಕು. ಕೆರೆಯ ತೇವಕ್ಕೆ ಚರ್ಮ ಸಡಿಲಾಗಿ ಮದ್ದಳೆಯ ಶ್ರುತಿ ಇಳಿಯುತ್ತದೆ.

ದೀಪದಲ್ಲಿ ಈಗಿನ ತೊಂದರೆ ಬಿಳಿ ಎಲ್‌ಇಡಿ. ಅಗ್ಗ, ಕರೆಂಟು ಕಡಿಮೆ, ಎಲ್ಲ ಸರಿ. ಆದರೆ 6,500 ಕೆಲ್ವಿನ್‌ನ ನೀಲಿ ಬಿಳುಪಿನಲ್ಲಿ ಬಣ್ಣದ ವೇಷದ (ರಾಕ್ಷಸ ಪಾತ್ರಗಳ) ಕೆಂಪು ಮಂಕಾಗುತ್ತದೆ, ಹಳದಿ ಪೇಲವವಾಗುತ್ತದೆ. ದೊಂದಿಯ (ಪಂಜಿನ), ಗ್ಯಾಸ್‌ಲೈಟಿನ ಬೆಳಕಿಗೆ ಹೊಂದಿಕೊಂಡು ಬೆಳೆದ ಬಣ್ಣಗಾರಿಕೆ ಅದು. 3,000 ಕೆಲ್ವಿನ್ ಸುತ್ತಿನ, ಹಳದಿ ಛಾಯೆಯ ಎಲ್‌ಇಡಿ ಸಿಗುತ್ತದೆ, ಕೇಳಿ ತರಿಸಬೇಕು. ಸಿಗದಿದ್ದರೆ 500 ವ್ಯಾಟಿನ ಹಾಲೊಜನ್ ಎಂಟು.

ಹಾಲೊಜನ್ ಆದರೆ ಕರೆಂಟಿನ ಲೆಕ್ಕ ಹೀಗೆ: ದೀಪಕ್ಕೆ 4 ಕಿಲೋವ್ಯಾಟ್, ಧ್ವನಿಗೆ 2, ಚೌಕಿಗೆ 1, ಜನರ ಕಡೆ, ಅಡುಗೆ, ಪಾರ್ಕಿಂಗ್‌ಗೆ ಒಂದೂವರೆ, ಅಂಗಡಿಗಳಿಗೆ ಒಂದೂವರೆ. ಒಟ್ಟು 10. ಮೆಸ್ಕಾಂ ತಾತ್ಕಾಲಿಕ ಸಂಪರ್ಕ ಪಡೆದರೂ ಗುಡುಗು ಮಳೆಯ ದಿನಗಳಲ್ಲಿ ಜನರೇಟರ್ ಇಲ್ಲದೆ ಆಗದು. 10 ಕಿಲೋವ್ಯಾಟಿಗೆ ಜನರೇಟರಿನ ಅಳತೆಯಲ್ಲಿ ಹನ್ನೆರಡೂವರೆ ಕೆವಿಎ ಬೇಕು, ಸ್ವಲ್ಪ ಮಿಗಲೆಂದು 20ರದ್ದು ತನ್ನಿ. ರಾತ್ರಿ ಗಾಳಿ ಘಟ್ಟದಿಂದ ಸಮುದ್ರದ ಕಡೆಗೆ ಬೀಸುವುದರಿಂದ ಜನರೇಟರ್ ಜನರ ಪಡುವಣ ಬದಿಗೆ, 150 ಅಡಿ ದೂರ. ಜನರೇಟರಿನ ಮೈಗೆ ಅರ್ಥಿಂಗ್, ಬೋರ್ಡಿಗೆ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ತೇವದ ಗದ್ದೆಯಲ್ಲಿ ಬರಿಗಾಲಿನ ಜನ ಓಡಾಡುವ ಜಾಗ ಅದು. ವಯರಿನ ದಪ್ಪದಲ್ಲಿ ಎಲ್ಲರೂ ಉಳಿತಾಯ ಮಾಡಲು ನೋಡುತ್ತಾರೆ. 60 ಮೀಟರ್ ದೂರಕ್ಕೆ 4 ಕಿಲೋವ್ಯಾಟ್ ಎಳೆಯುವಾಗ 2.5 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ 15 ವೋಲ್ಟಿನಷ್ಟು ಸೋರಿಹೋಗುತ್ತದೆ. ವೋಲ್ಟೇಜು ಶೇಕಡ 7 ಇಳಿದರೆ ಹಾಲೊಜನ್ ಬೆಳಕು ಶೇಕಡ 20ರಷ್ಟು ಇಳಿಯುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಆ ನಷ್ಟ 10 ವೋಲ್ಟಿನೊಳಗೆ ನಿಲ್ಲುತ್ತದೆ. ಧ್ವನಿಗೆ ಬೇರೆಯೇ ಲೈನು.

ದೇವಿ ಮಹಾತ್ಮೆ ಪ್ರಸಂಗ ಆಡಿಸುವುದಾದರೆ ಮಹಿಷಾಸುರನ ದಾರಿಯನ್ನು ಕುರ್ಚಿ ಹಾಕುವ ಮೊದಲೇ ಗುರುತಿಸಬೇಕು. ಆತ ಬರುವುದು ಜನರ ಹಿಂದಿನಿಂದ, ದೊಂದಿ ಹಿಡಿದವರ ನಡುವೆ. ರಾಳದ ಪುಡಿ ಎರಚಿದಾಗ ಬೆಂಕಿ ಆಳೆತ್ತರಕ್ಕಿಂತ ಮೇಲೆ ಏಳುತ್ತದೆ. 10 ಅಡಿ ಅಗಲದ ದಾರಿ ಬೇಕು, ನೆಲದಲ್ಲಿ ಒಂದು ಹುಲ್ಲುಕಡ್ಡಿ ಇರಬಾರದು, ಮೇಲೆ ವಯರು, ಬಣ್ಣದ ಕಾಗದದ ತೋರಣ, ಶಾಮಿಯಾನದ ಬಟ್ಟೆ ಯಾವುದೂ ಅಡ್ಡ ಹಾಯಬಾರದು. ಇಕ್ಕೆಲದಲ್ಲಿ 20 ಅಡಿಗೊಂದರಂತೆ ಮರಳು, ನೀರಿನ ಬಕೆಟು. ಜನ ಮೊಬೈಲ್ ಹಿಡಿದು ದಾರಿಗೆ ನುಗ್ಗುವುದು ಖಂಡಿತ. ಹಗ್ಗ ಹಿಡಿದು ನಿಲ್ಲಲು ಎಂಟು ಯುವಕರನ್ನು ಮೊದಲೇ ನೇಮಿಸಿ, ಪಾತ್ರಧಾರಿಯನ್ನೂ ದೊಂದಿಯವರನ್ನೂ ಹಗಲು ಬೆಳಕಿನಲ್ಲೇ ಆ ದಾರಿಯಲ್ಲಿ ಒಮ್ಮೆ ನಡೆಸಿಬಿಡಿ. ಮುಖವರ್ಣಿಕೆ ಆದಮೇಲೆ ಅವರಿಗೆ ನೆಲ ನೋಡಿ ನಡೆಯುವುದು ಕಷ್ಟ.

ಏಪ್ರಿಲ್, ಮೇಯಲ್ಲಿ ಘಟ್ಟದ ಮೇಲೆ ಮಧ್ಯಾಹ್ನ ಕಟ್ಟಿದ ಮೋಡ ಸಂಜೆಗೆ ಇತ್ತ ಇಳಿಯುತ್ತದೆ. ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ 20 ಮತ್ತು 40 ಕಿಲೋಮೀಟರ್ ಸುತ್ತಿನ ಸಿಡಿಲಿನ ಸೂಚನೆ ಕೊಡುತ್ತದೆ, ಅದನ್ನು ನೋಡುವ ಕೆಲಸ ಒಬ್ಬರಿಗೆ ವಹಿಸಿ. ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಆಗ ಆಟ ನಿಲ್ಲಿಸಿ ಜನರನ್ನು ಶಾಲೆಗೋ ದೇವಸ್ಥಾನದ ಪೌಳಿಗೋ ಕಳಿಸಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಕಬ್ಬಿಣದ ಕಂಬದ ಶಾಮಿಯಾನ, ಒಂಟಿ ಮರ ಎರಡೂ ಆಶ್ರಯವಲ್ಲ. ವಾಹನಗಳನ್ನು ಗದ್ದೆಗಿಳಿಸದೆ ಮುರಕಲ್ಲಿನ ಗಟ್ಟಿ ನೆಲದಲ್ಲೇ ನಿಲ್ಲಿಸಿದ್ದರೆ ಮಳೆ ಬಂದ ಮೇಲೂ ಹೊರಡುತ್ತವೆ.

ಚೌಕಿ 60 ಅಡಿ ಉದ್ದ, 20 ಅಡಿ ಅಗಲ, ಮೇಲೆ ಶೀಟು, ಮೂರು ಬದಿ ಮರೆ. ನೆಲಕ್ಕೆ ಟಾರ್ಪಾಲು, ಅದರ ಮೇಲೆ ಚಾಪೆ, ಇಲ್ಲದಿದ್ದರೆ ತೇವ ಬಟ್ಟೆಗೆ ಏರುತ್ತದೆ. ಫ್ಯಾನು ಹಾಕುವಾಗ ಕೇಳಿ ಹಾಕಿ, ಬಣ್ಣ ಬಳಿಯುವ ಹೊತ್ತಿಗೆ ಪುಡಿ ಹಾರುತ್ತದೆ. ಗೋಳಿಬಜೆಯ ಒಲೆ, ಸಿಲಿಂಡರು ಚೌಕಿಯಿಂದ 50 ಅಡಿ ಆಚೆಗೇ ಇರಲಿ.

ಕಲಾವಿದರು, ನೇಪಥ್ಯದವರು, ಲಾರಿಯವರು ಸೇರಿ 50 ಊಟ ಬೇರೆಯೇ ಹಿಡಿಯಬೇಕು. ಸಾರ್ವಜನಿಕರಿಗೆ ತಲಾ 120 ಗ್ರಾಂ ಅಕ್ಕಿಯಂತೆ 500 ಜನಕ್ಕೆ 60 ಕಿಲೋ. ಕುಡಿಯುವ ನೀರು ತಲಾ ಒಂದೂವರೆ ಲೀಟರ್, ಮೇ ಸೆಕೆಗೆ ಅದಕ್ಕಿಂತ ಕಡಿಮೆ ಸಾಲದು. ಮಜ್ಜಿಗೆಗೆ 15 ಲೀಟರ್ ಮೊಸರಿಗೆ 60 ಲೀಟರ್ ನೀರು, ತಲಾ 150 ಮಿಲಿಲೀಟರಿನ 500 ಲೋಟ. ಏಳು ಗಂಟೆಯ ಮೊದಲು ಕಲಸಿಟ್ಟರೆ ಹತ್ತಕ್ಕೆಲ್ಲ ಹುಳಿ. ಪುನರ್ಪುಳಿ ಪಾನಕಕ್ಕೆ ಆ ಚಿಂತೆಯಿಲ್ಲ. ತಟ್ಟೆ ಹಾಳೆಯದ್ದೇ ಇರಲಿ, ಗಾಳಿಗೆ ಹಾರಿ ಕೆರೆಗೆ ಬಿದ್ದರೂ ಕೊಳೆಯುತ್ತದೆ.

ಮರುದಿನದ ಕೆಲಸಕ್ಕೆ ಸಮಿತಿಯಲ್ಲಿ ಯಾರೂ ಸಿಗುವುದಿಲ್ಲ, ಆದ್ದರಿಂದ ಆಳುಗಳ ಸಂಬಳ ಮೊದಲೇ ಎತ್ತಿಡಿ. ಕಂಬದ ಗುಂಡಿಗಳನ್ನು ತುಂಬಿ ತುಳಿಯಬೇಕು. ಲಾರಿಗೆಂದು ಕಡಿದ ಹುಣಿಯನ್ನು (ಗದ್ದೆಯ ಬದುವನ್ನು) ಜೂನ್ ಮಳೆಗೆ ಮೊದಲೇ ಕಟ್ಟಿಕೊಡಬೇಕು, ಇಲ್ಲದಿದ್ದರೆ ಏಣೆಲು (ಮಳೆಗಾಲದ) ಬೆಳೆಗೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಮೊಳೆ, ಕಟ್ಟುಕಂಬಿಯ ತುಂಡುಗಳಿಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ, ರಂಗಸ್ಥಳ ಮತ್ತು ಚೌಕಿ ಇದ್ದ ಜಾಗದಲ್ಲಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆಯಿರಿ. ನೇಜಿ (ಭತ್ತದ ಸಸಿ) ನೆಡಲು ಬರಿಗಾಲಲ್ಲಿ ಇಳಿಯುವವರ ಕಾಲಿಗೆ ಮೊಳೆ ಚುಚ್ಚಿದರೆ ಗದ್ದೆಯ ಯಜಮಾನರು ಮುಂದಿನ ವರ್ಷ ಜಾಗ ಕೊಡುವುದಿಲ್ಲ.