ಕಿವಿ ಮೊದಲು, ಐಇಎಂ ಆಮೇಲೆ: ನಾನು ಪರೀಕ್ಷಿಸುವ ಬಗೆ

ಸಂಗೀತ ಕೇಳುವುದಕ್ಕೆಂದು ತಯಾರಾಗುವ ದುಬಾರಿ, ಕಿವಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಇಯರ್‌ಫೋನ್‌ಗಳಾದ ಇನ್-ಇಯರ್ ಮಾನಿಟರ್‌ಗಳನ್ನು, ಅಂದರೆ ಐಇಎಂಗಳನ್ನು, ಹಲವು ವರ್ಷಗಳಿಂದ ಒಂದರ ಪಕ್ಕ ಒಂದಿಟ್ಟು ಕೇಳುತ್ತ ಬಂದಿದ್ದೇನೆ. ಅದರಿಂದ ನನಗೆ ಖಚಿತವಾಗಿರುವುದು ಇಷ್ಟು: ಎಲ್ಲ ಕೇಳುಗರಿಗೂ ಒಂದೇ ಆಗಿರುವ ಧ್ವನಿ ಯಾವ ಐಇಎಂಗೂ ಇಲ್ಲ. ಶಬ್ದ ಹುಟ್ಟಿಸುವ ಒಳಗಿನ ಡ್ರೈವರ್, ತುದಿಗೆ ಹಾಕುವ ಮೆತ್ತನೆಯ ಟಿಪ್, ಆ ಟಿಪ್‌ನಿಂದ ಕಿವಿತಮಟೆಯವರೆಗೆ ಉಳಿಯುವ ಗಾಳಿಯ ಪುಟ್ಟ ಕೊಳವೆ, ಹಿಂದೆ ಕೆಲಸ ಮಾಡುವ ಆಂಪ್ಲಿಫೈಯರ್ ಇವೆಲ್ಲ ಸೇರಿದ ಮೇಲಷ್ಟೇ ನಾವು ಕೇಳುವ ನಾದ ಹುಟ್ಟುತ್ತದೆ. ಹಾಗಾಗಿ ಟಿಪ್, ಒಳಸೇರಿದ ಆಳ, ಧ್ವನಿಯ ಮಟ್ಟ ಮತ್ತು ಆಂಪ್ಲಿಫೈಯರ್ ಇವುಗಳನ್ನು ನಿಗದಿ ಮಾಡಿಕೊಳ್ಳದೆ ಕೊಟ್ಟ ತೀರ್ಪನ್ನು ನಾನು ಆ ಉಪಕರಣದ ಮೇಲಿನ ತೀರ್ಪೆಂದು ಒಪ್ಪುವುದಿಲ್ಲ. ನನ್ನ ಪರೀಕ್ಷೆಯ ಹೆಚ್ಚಿನ ಸಮಯವೂ ಹಾಡು ಕೇಳುವುದಕ್ಕಿಂತ ಮುಂಚೆಯೇ ಕಳೆಯುತ್ತದೆ.

ಮೊದಲು ನೋಡುವುದು ಬಿಗಿತ. ಟಿಪ್ ಮತ್ತು ಕಿವಿನಾಳದ ಗೋಡೆಯ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ತಗ್ಗು ಆವೃತ್ತಿಯ ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ಬೇಸ್ ಕುಸಿದು, ಉಳಿದದ್ದು ತೆಳುವಾಗಿ ಚುರುಗುಟ್ಟುವಂತೆ ಕೇಳುತ್ತದೆ. ಇದನ್ನು ಹಾಡಿನಿಂದ ಕಂಡುಹಿಡಿಯಲು ಹೋಗಬಾರದು, ಏಕೆಂದರೆ ಧ್ವನಿಮುದ್ರಣವೇ ಹಾಗಿದೆಯೋ ಟಿಪ್ ಸೋರುತ್ತಿದೆಯೋ ಎಂಬುದು ಆಗ ತಿಳಿಯುವುದಿಲ್ಲ. ನಾನು 40 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಮಧ್ಯಮ ಮಟ್ಟದಲ್ಲಿ ಹಾಕಿ, ದವಡೆಯನ್ನು ನಿಧಾನವಾಗಿ ತೆರೆದು ಮುಚ್ಚುತ್ತೇನೆ, ತಲೆಯನ್ನು ಅತ್ತಿತ್ತ ತಿರುಗಿಸುತ್ತೇನೆ. ಸ್ವರ ಏರಿಳಿದರೆ ಬಿಗಿತ ಸಾಲದು ಎಂದರ್ಥ, ಆಗ ಟಿಪ್ ಬದಲಿಸಬೇಕು. ಎರಡು ಕಿವಿಗಳಿಗೆ ಎರಡು ಅಳತೆಯ ಟಿಪ್ ಬೇಕಾಗುವುದು ತೀರಾ ಸಾಮಾನ್ಯ. ನನ್ನ ಎಡಗಿವಿಗೆ ಬಲಗಿವಿಗಿಂತ ದೊಡ್ಡ ಟಿಪ್ ಬೇಕು. ಡಬ್ಬಿಯಲ್ಲಿ ಬಂದ ಮಧ್ಯಮ ಅಳತೆಯ ಜೋಡಿಯನ್ನೇ ಹಾಕಿಕೊಂಡು ಬೇಸ್ ಇಲ್ಲವೆಂದು ಬರೆಯುವವರನ್ನು ಕಂಡಾಗ, ಆ ಐಇಎಂಗೆ ಅನ್ಯಾಯವಾಗುತ್ತಿದೆ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಎರಡನೆಯದು ಆಳ, ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ತೀರ್ಪುಗಳು ಹುಟ್ಟುವುದು ಇಲ್ಲಿಯೇ. ಟಿಪ್ ಮತ್ತು ಕಿವಿತಮಟೆಯ ನಡುವಿನ ಮುಚ್ಚಿದ ಕೊಳವೆಗೆ ತನ್ನದೇ ಒಂದು ಅನುರಣನೆಯಿದೆ. ಆ ಕೊಳವೆಯ ಉದ್ದ ಧ್ವನಿಯ ಅರ್ಧ ತರಂಗಕ್ಕೆ ಸಮವಾಗುವ ಆವೃತ್ತಿಯಲ್ಲಿ ಶಬ್ದ ಎದ್ದು ಕೇಳುತ್ತದೆ. ಉದ್ದ ಸುಮಾರು 21 ಮಿಲಿಮೀಟರ್ ಇದ್ದರೆ ಆ ಶಿಖರ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ, ಟಿಪ್ ಇನ್ನು 4 ಮಿಲಿಮೀಟರ್ ಒಳಗೆ ಹೋದರೆ ಅದು 10 ಕಿಲೋಹರ್ಟ್ಸ್‌ಗೆ ಸರಿಯುತ್ತದೆ. ಹಾಡುಗಾರಿಕೆಯಲ್ಲಿ ಸಕಾರದ ಸೀಟಿಯೂ ತಾಳಗಳ ಹೊಳಪೂ ಇರುವ ಜಾಗವೇ ಇದು. ಆದ್ದರಿಂದ ಒಬ್ಬರಿಗೆ ಚುಚ್ಚುವ ಐಇಎಂ ಇನ್ನೊಬ್ಬರಿಗೆ ನಯವಾಗಿ ಕೇಳಿದರೆ, ಇಬ್ಬರೂ ತಮ್ಮ ತಮ್ಮ ಕಿವಿಯ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರಬಹುದು.

ಈ ಶಿಖರ ಕಿವಿಯದೋ ಐಇಎಂನದೋ ಎಂದು ಬೇರ್ಪಡಿಸಲು ನಾನು ಅನುಸರಿಸುವ ವಿಧಾನ ಸರಳವಾದದ್ದು. ಧ್ವನಿಯನ್ನು ಬಹಳ ತಗ್ಗಿಸಿಟ್ಟುಕೊಂಡು 5ರಿಂದ 12 ಕಿಲೋಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ಕೇಳುತ್ತೇನೆ. ಎಲ್ಲಿ ಶಬ್ದ ಫಕ್ಕನೆ ಜೋರಾಗುತ್ತದೋ ಆ ಆವೃತ್ತಿಯನ್ನು ಗುರುತು ಹಾಕಿಕೊಳ್ಳುತ್ತೇನೆ. ಬಳಿಕ ಟಿಪ್ಪನ್ನು ಸ್ವಲ್ಪ ಒಳಕ್ಕೆ ಒತ್ತಿ, ಅಥವಾ ಗಿಡ್ಡ ಟಿಪ್ ಹಾಕಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡುತ್ತೇನೆ. ಜೋರಾದ ಜಾಗ ಆಳದೊಂದಿಗೆ ಸರಿದರೆ ಅದು ನನ್ನ ಕಿವಿನಾಳದ ಅನುರಣನೆ, ಎಷ್ಟು ಒತ್ತಿದರೂ ಅಲ್ಲೇ ನಿಂತರೆ ಅದು ಐಇಎಂನ ಸ್ವಂತ ಗುಣ. ಮೊದಲನೆಯದಕ್ಕೆ ಟಿಪ್ ಮದ್ದು; ಎರಡನೆಯದನ್ನು ಮಾತ್ರ ನಾನು ಟಿಪ್ಪಣಿಯಲ್ಲಿ ದೋಷವೆಂದು ಬರೆಯುತ್ತೇನೆ. 1991ರಲ್ಲಿ ಬಂದ ಎಟಿಮೋಟಿಕ್ ಸಂಸ್ಥೆಯ ಇಆರ್-4 ಮೂರು ಅಂಚಿನ ಟಿಪ್‌ನೊಂದಿಗೆ ಕಿವಿಯ ಬಹಳ ಆಳಕ್ಕೆ ಇಳಿಯುತ್ತಿದ್ದುದರ ಒಂದು ಲಾಭವೂ ಇದೇ: ಉಳಿಯುವ ಕೊಳವೆ ಗಿಡ್ಡವಾದಷ್ಟೂ ಅನುರಣನೆ ಮೇಲಕ್ಕೆ, ಸಂಗೀತದಿಂದ ದೂರಕ್ಕೆ ಹೋಗುತ್ತದೆ. ಅದರಲ್ಲಿ ಇದ್ದದ್ದು ಕಿವಿಯೊಂದಕ್ಕೆ ಒಂದೇ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯ ಪುಟ್ಟ ಡ್ರೈವರ್. ಇಂದು ಹತ್ತಕ್ಕೂ ಹೆಚ್ಚು ಡ್ರೈವರ್ ತುಂಬಿದ ಐಇಎಂಗಳು ಬರುತ್ತಿರುವಾಗಲೂ, ಡ್ರೈವರ್‌ಗಳ ಸಂಖ್ಯೆಯನ್ನು ಗುಣಮಟ್ಟದ ಅಳತೆಯೆಂದು ನಾನು ಪರಿಗಣಿಸುವುದಿಲ್ಲ. ಆವೃತ್ತಿಗಳನ್ನು ಅವುಗಳಿಗೆ ಹಂಚಿಕೊಡುವ ಕ್ರಾಸ್‌ಓವರ್ ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಎಂಬುದು ಸಂಖ್ಯೆಗಿಂತ ಮುಖ್ಯ.

ಯಾವ ಆವೃತ್ತಿ ಎಷ್ಟು ಜೋರು ಎಂದು ರೇಖೆಯಲ್ಲಿ ತೋರಿಸುವ ಗ್ರಾಫ್‌ಗಳನ್ನು ನಾನು ತಪ್ಪದೆ ನೋಡುತ್ತೇನೆ, ಆದರೆ ಅವುಗಳ ಎಲ್ಲೆಯನ್ನು ಅರಿತು. ಹೆಚ್ಚಿನವು ಐಇಸಿ 60318-4 ಮಾನಕದ ಕೃತಕ ಕಿವಿಯಲ್ಲಿ ಅಳೆದವು. ಹವ್ಯಾಸಿಗಳು ಇದನ್ನು ಇಂದಿಗೂ ಹಳೆಯ ಹೆಸರಿನಂತೆ 711 ಎನ್ನುತ್ತಾರೆ. ಆ ಮಾನಕದ ಖಾತರಿ ಇರುವುದು 10 ಕಿಲೋಹರ್ಟ್ಸ್‌ವರೆಗೆ ಮಾತ್ರ. ಅದಕ್ಕಿಂತ ಮೇಲಿನ ಗೆರೆಯನ್ನು ನೋಡಿ ಗಾಳಿಯಾಡುವ ಟ್ರೆಬಲ್ ಎಂದು ವರ್ಣಿಸುವುದು ಊಹೆಯಷ್ಟೇ. 3 ಕಿಲೋಹರ್ಟ್ಸ್ ಸುತ್ತಲಿನ ಉಬ್ಬನ್ನು ಕಂಡು ಹೊಸಬರು ಗಾಬರಿಯಾಗುವುದುಂಟು, ಆದರೆ ಅದು ಇರಲೇಬೇಕು. ತೆರೆದ ಕಿವಿ ಅಲ್ಲಿ ತಾನಾಗಿಯೇ ಶಬ್ದವನ್ನು ಹಿಗ್ಗಿಸುತ್ತದೆ. ಟಿಪ್ ಇಟ್ಟು ಮುಚ್ಚಿದಾಗ ತಪ್ಪಿಹೋಗುವ ಆ ಹಿಗ್ಗನ್ನು ಐಇಎಂ ತುಂಬಿಕೊಡಬೇಕು. ಧ್ವನಿ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಆಯ್ಕೆಗಳನ್ನು ಆಧರಿಸಿ ರೂಪಿಸಿದ ಹಾರ್ಮನ್ ಕಂಪನಿಯ ಗುರಿರೇಖೆಯ 2019ರ ರೂಪವನ್ನು ನಾನು ಹೋಲಿಕೆಗೆ ಇಟ್ಟುಕೊಳ್ಳುತ್ತೇನೆ. ಅದರ ಬೇಸ್ ನನ್ನ ರುಚಿಗೆ ತುಸು ಹೆಚ್ಚು, ಮಧ್ಯದ ಆವೃತ್ತಿಗಳ ಕೆಳಭಾಗ ತುಸು ತೆಳು. ಅದನ್ನು ತೀರ್ಪುಗಾರನ ಸ್ಥಾನದಲ್ಲಿ ಕೂರಿಸದೆ, ನನ್ನ ರುಚಿ ಎಲ್ಲಿ ಸರಾಸರಿಯಿಂದ ಬೇರೆಯಾಗುತ್ತದೆ ಎಂದು ತಿಳಿಯಲು ಬಳಸುತ್ತೇನೆ.

ಇನ್ನು ಧ್ವನಿಯ ಮಟ್ಟ. ಎರಡು ಐಇಎಂಗಳಲ್ಲಿ ಒಂದು ಕೇವಲ 1 ಡೆಸಿಬೆಲ್ ಜೋರಾಗಿದ್ದರೂ ಅದು ಜೋರಾಗಿದೆ ಎಂದು ನಮಗೆ ಅನಿಸುವುದಿಲ್ಲ, ಹೆಚ್ಚು ಸ್ಪಷ್ಟವಾಗಿದೆ, ತುಂಬಿಕೊಂಡಿದೆ ಎಂದೇ ಅನಿಸುತ್ತದೆ. ಕಿವಿಯ ಸಂವೇದನೆ ಮಟ್ಟದೊಂದಿಗೆ ಬದಲಾಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆಗಳಲ್ಲಿ ತೋರಿಸಿದ್ದರು: ಧ್ವನಿ ತಗ್ಗಿದಂತೆ ಬೇಸ್ ಉಳಿದದ್ದಕ್ಕಿಂತ ಬೇಗ ಮರೆಯಾಗುತ್ತದೆ. ಹಾಗಾಗಿ ಮಟ್ಟ ಸಮವಿಲ್ಲದ ಹೋಲಿಕೆಯಲ್ಲಿ ಯಾವ ಮಾತಿಗೂ ಬೆಲೆಯಿಲ್ಲ. ನಾನು ಎರಡನ್ನೂ ಕೃತಕ ಕಿವಿಯ, ಅಂದರೆ ಕಪ್ಲರ್ ಮೈಕ್‌ಗೆ ಹಾಕಿ, 500 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್‌ಗೆ ಸೀಮಿತಗೊಳಿಸಿದ ಪಿಂಕ್ ನಾಯ್ಸ್ ಎಂಬ, ಹಲವು ಆವೃತ್ತಿಗಳು ಬೆರೆತ ಶಬ್ದವನ್ನು ಬಳಸಿ, ವ್ಯತ್ಯಾಸ 0.2 ಡೆಸಿಬೆಲ್ ಒಳಗೆ ಬರುವವರೆಗೆ ಸರಿಹೊಂದಿಸುತ್ತೇನೆ. 1 ಕಿಲೋಹರ್ಟ್ಸ್‌ನ ಒಂಟಿ ಸ್ವರದಿಂದ ಹೊಂದಿಸಿದರೆ, ಆ ಬಿಂದುವಿನಲ್ಲಿ ಯಾವುದಾದರೂ ಐಇಎಂಗೆ ತಗ್ಗೋ ಉಬ್ಬೋ ಇದ್ದಾಗ ಇಡೀ ಹೋಲಿಕೆಯೇ ವಾಲುತ್ತದೆ.

ಆಂಪ್ಲಿಫೈಯರ್ ವಿಷಯದಲ್ಲಿ ಜನ ಶಕ್ತಿಯನ್ನು ಕೇಳುತ್ತಾರೆ, ನಾನು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರ ಜಾಕ್ ಸ್ವತಃ ಒಡ್ಡುವ ವಿದ್ಯುತ್ ತಡೆ, ಎಷ್ಟೆಂದು ಕೇಳುತ್ತೇನೆ. ಹಲವು ಆರ್ಮೇಚರ್‌ಗಳ ಐಇಎಂಗಳ ಇಂಪೀಡೆನ್ಸ್ ಆವೃತ್ತಿಯೊಂದಿಗೆ ತೀವ್ರವಾಗಿ ಏರಿಳಿಯುತ್ತದೆ. ಒಂದು ಕಡೆ 10 ಓಮ್, ಇನ್ನೊಂದು ಕಡೆ 50 ಓಮ್ ಇರುವ ಐಇಎಂ ಒಂದನ್ನು ಊಹಿಸೋಣ. ಅದನ್ನು 10 ಓಮ್ ಔಟ್‌ಪುಟ್ ಇಂಪೀಡೆನ್ಸ್ ಇರುವ ಜಾಕ್‌ಗೆ ಚುಚ್ಚಿದರೆ ಮೊದಲ ಜಾಗದಲ್ಲಿ 6 ಡೆಸಿಬೆಲ್, ಎರಡನೆಯ ಜಾಗದಲ್ಲಿ ಸುಮಾರು 1.6 ಡೆಸಿಬೆಲ್ ನಷ್ಟವಾಗುತ್ತದೆ. ಅಂದರೆ ತಯಾರಕರು ಟ್ಯೂನ್ ಮಾಡಿ ಕೊಟ್ಟ ರೇಖೆ 4 ಡೆಸಿಬೆಲ್‌ಗೂ ಹೆಚ್ಚು ತಿರುಚಿಕೊಂಡಿತು. 1 ಓಮ್‌ಗಿಂತ ಕಡಿಮೆ ಇರುವ ಆಂಪ್ಲಿಫೈಯರ್‌ನಿಂದ ಕೇಳಿದರೆ ಈ ಸಮಸ್ಯೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಕೇಬಲ್ ಬದಲಿಸಿದಾಗ ಕೇಳುವ ವ್ಯತ್ಯಾಸಕ್ಕೂ ನಾನು ಇದೇ ಕಾರಣವನ್ನು ಮೊದಲು ಹುಡುಕುತ್ತೇನೆ, ಏಕೆಂದರೆ ಕೇಬಲಿನ ರೋಧವೂ ಈ ಲೆಕ್ಕಕ್ಕೇ ಸೇರುತ್ತದೆ. ಲೋಹದ ಹೆಸರಿನಿಂದ ನಾದಕ್ಕೆ ಬಣ್ಣ ಬರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಸೂಕ್ಷ್ಮ ಐಇಎಂಗಳಲ್ಲಿ ಹಾಡಿಲ್ಲದಾಗ ಹಿನ್ನೆಲೆಯ ಹಿಸ್ ಕೇಳುತ್ತದೆಯೇ ಎಂಬುದನ್ನೂ ಈ ಹಂತದಲ್ಲೇ ನೋಡಿ ಮುಗಿಸುತ್ತೇನೆ.

ಇಷ್ಟೆಲ್ಲ ಆದ ಮೇಲೆ ಸಂಗೀತ. ನನ್ನ ಮೊದಲ ಪರೀಕ್ಷೆ ತಂಬೂರಿ. ತಂತಿಗಳನ್ನು ಹೊರುವ ಕುದುರೆ ಎಂಬ ಆಸರೆಯ ಮೇಲೆ ತಂತಿಯಡಿ ಸೇರಿಸುವ ನೂಲಿನೆಳೆ ಹುಟ್ಟಿಸುವ ಝೇಂಕಾರದಲ್ಲಿ ಮೂಲಸ್ವರದಿಂದ ಹಲವು ಕಿಲೋಹರ್ಟ್ಸ್‌ವರೆಗಿನ ಉಪಸ್ವರಗಳು ಒಂದರ ಹಿಂದೆ ಒಂದು ಅರಳುತ್ತವೆ. ತಂತಿಯನ್ನು ಮೀಟಿದ ಜಾಗದಿಂದಾಗಿ ಇಲ್ಲವಾಗಬೇಕಿದ್ದ ಉಪಸ್ವರಗಳೂ ಬಾಗಿದ ಕುದುರೆಯ ದೆಸೆಯಿಂದ ಇದರಲ್ಲಿ ಕೇಳಿಸುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲಿ ವಿವರಿಸಿದ್ದಾರೆ. ಇಷ್ಟು ದಟ್ಟವಾದ, ನಿಂತು ಕೇಳಬಹುದಾದ ನಾದ ಪರೀಕ್ಷಕನಿಗೆ ಬೇರೆಲ್ಲಿ ಸಿಗುತ್ತದೆ? ನಾನು ಮಂದ್ರ ಷಡ್ಜದ ತಂತಿಯೊಂದನ್ನೇ ಹಿಂಬಾಲಿಸುತ್ತೇನೆ. ಅದರ ಐದನೆಯ ಉಪಸ್ವರವಾದ ಸ್ವಯಂಭೂ ಗಾಂಧಾರ ತಾನಾಗಿ ತೇಲಿ ಬರಬೇಕು, ಝೇಂಕಾರ ಮೇಲಕ್ಕೆ ಹೋಗುತ್ತ ಎಲ್ಲಿಯೂ ತುಂಡಾಗಬಾರದು, ಯಾವುದೋ ಒಂದು ಉಪಸ್ವರ ಪ್ರತಿ ಮೀಟಿಗೂ ಮುಂದೆ ನುಗ್ಗಬಾರದು. ಕ್ರಾಸ್‌ಓವರ್ ಸರಿಯಿಲ್ಲದ ಐಇಎಂನಲ್ಲಿ ಕೆಳಗಿನ ಗುಂಯ್‌ಗುಡುವಿಕೆ ಒಂದು ವಾದ್ಯದ್ದೂ ಮೇಲಿನ ಝೇಂಕಾರ ಇನ್ನೊಂದು ವಾದ್ಯದ್ದೂ ಎಂಬಂತೆ ಬೇರೆಬೇರೆಯಾಗಿ ಕೇಳುತ್ತವೆ.

ಎರಡನೆಯದು ಮಾತು, ಹಾಡಲ್ಲ. ಹತ್ತಿರದಿಂದ ಮುದ್ರಿಸಿದ, ಪ್ರತಿಧ್ವನಿಯಿಲ್ಲದ ವಾಚನವೊಂದನ್ನು ಕೇಳುತ್ತೇನೆ. ಸಕಾರದ ಬಲ ಶಕಾರಕ್ಕಿಂತ ಮೇಲಿನ ಆವೃತ್ತಿಯಲ್ಲಿರುತ್ತದೆ. 6ರಿಂದ 9 ಕಿಲೋಹರ್ಟ್ಸ್ ನಡುವೆ ಉಬ್ಬಿದ್ದರೆ ಸಕಾರ ಮಾತ್ರ ಸಿಡಿಯುತ್ತದೆ, 4ರ ಸುತ್ತ ಉಬ್ಬಿದ್ದರೆ ಶಕಾರವೂ ಜೊತೆಗೆ ಒರಟಾಗುತ್ತದೆ. ಪರಿಚಿತ ಧ್ವನಿ ನೆಗಡಿ ಹಿಡಿದಂತೆ ಕೇಳಿದರೆ ತೊಂದರೆ ಮಧ್ಯದ ಆವೃತ್ತಿಗಳ ಕೆಳಭಾಗದಲ್ಲಿದೆ. ವಾದ್ಯದ ನಾದ ಹೇಗಿರಬೇಕು ಎಂಬ ಬಗ್ಗೆ ವಾದಿಸಬಹುದು, ಆದರೆ ದಿನವೂ ಕೇಳುವ ಮನುಷ್ಯಧ್ವನಿ ತಪ್ಪಿದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ.

ಮೃದಂಗದಲ್ಲಿ ಎಡಗೈಯ ಗುಮುಕಿ ಎಂಬ ತಗ್ಗಿನ ನಾದ ಜಾರುವಾಗ ಬಲಗೈಯ ನಾದದ ಅಂಚು ಮಸುಕಾಗುತ್ತದೆಯೇ ಎಂದು ನೋಡುತ್ತೇನೆ. ಬೇಸ್ ಎಷ್ಟಿದೆ ಎಂಬುದಕ್ಕಿಂತ 200 ಹರ್ಟ್ಸ್ ಸುತ್ತ ಅದು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. ಹಳೆಯ ಮೊನೊ ಮುದ್ರಣವೊಂದನ್ನು ಕೇಳಿ ಧ್ವನಿ ತಲೆಯ ನಟ್ಟನಡುವೆ ನಿಲ್ಲುತ್ತದೆಯೇ ಎಂದು ಪರಿಶೀಲಿಸುತ್ತೇನೆ. ಅದು ಒಂದು ಬದಿಗೆ ವಾಲಿದರೆ ಜಾಕ್‌ನ ಬಳಿ ಎಡ-ಬಲ ಸಂಕೇತಗಳನ್ನು ಅದಲುಬದಲು ಮಾಡಿ, ವಾಲುವ ದಿಕ್ಕು ಬದಲಾಗದಿದ್ದರೆ ಕಿವಿಯ ಅಥವಾ ಡ್ರೈವರ್‌ನ ಅಸಮತೋಲವೆಂದು ತಿಳಿದು, ಕಪ್ಲರ್‌ನಲ್ಲಿ ಎರಡೂ ಬದಿಯನ್ನು ಅಳೆದು ಖಚಿತಪಡಿಸಿಕೊಳ್ಳುತ್ತೇನೆ. ಈ ದರ್ಜೆಯ ಉಪಕರಣದಲ್ಲಿ ಎಡಬಲದ ನಡುವೆ 1 ಡೆಸಿಬೆಲ್‌ಗಿಂತ ಹೆಚ್ಚಿನ ವ್ಯತ್ಯಾಸವನ್ನು ನಾನು ಕ್ಷಮಿಸುವುದಿಲ್ಲ.

ವಿವರ, ವೇಗ, ವಿಸ್ತಾರ ಎಂಬ ಮಾತುಗಳನ್ನು ಬರೆಯುವ ಮುನ್ನ ನಾನು ಇನ್ನೊಂದು ಹೆಜ್ಜೆ ಇಡುತ್ತೇನೆ. ಐಇಎಂಗಳನ್ನು ಕಣ್ಣು ಮುಚ್ಚಿ ಹೋಲಿಸುವುದು ಕಷ್ಟ, ಕಿವಿಗೆ ಇಟ್ಟ ಕೂಡಲೇ ಆಕಾರದಿಂದ ಯಾವುದೆಂದು ತಿಳಿದುಹೋಗುತ್ತದೆ. ಬದಲಿಸಿ ಹಾಕುವಷ್ಟರಲ್ಲಿ ಧ್ವನಿಯ ಸೂಕ್ಷ್ಮ ನೆನಪೂ ಮಾಸುತ್ತದೆ. ಆದ್ದರಿಂದ ಆವೃತ್ತಿಗಳ ಮಟ್ಟವನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಬಳಸಿ ಅಗ್ಗದ ಐಇಎಂ ಒಂದನ್ನು ದುಬಾರಿಯದರ ರೇಖೆಗೆ ಹತ್ತಿರ ತರುತ್ತೇನೆ, ಮೇಲಿನ ಶಿಖರಗಳನ್ನು ನನ್ನ ಕಿವಿಯ ಪ್ರಕಾರ ತಿದ್ದುತ್ತೇನೆ, ಆಮೇಲೆ ಕೇಳುತ್ತೇನೆ. ವಿವರವೆಂದು ಕರೆದದ್ದರ ಬಹುಪಾಲು ಆಗ ಅಗ್ಗದ್ದರಲ್ಲೂ ಕಾಣಿಸಿಕೊಳ್ಳುತ್ತದೆ. ಉಳಿದ ಪಾಲು ಮಾತ್ರ ನಿಜವಾಗಿ ದುಬಾರಿ ಉಪಕರಣಕ್ಕೆ ಸೇರಿದ್ದು. ಹಾಗೆ ಏನೂ ಉಳಿಯದ ಹೆಸರುವಾಸಿ ಐಇಎಂಗಳನ್ನು ಕಂಡಿದ್ದೇನೆ, ನಿಚ್ಚಳವಾಗಿ ಉಳಿಸಿಕೊಂಡವುಗಳನ್ನೂ ಕಂಡಿದ್ದೇನೆ.

ಕೊನೆಯ ಪರೀಕ್ಷೆ ದೀರ್ಘ ಆಲಿಕೆ. ಮಟ್ಟವನ್ನು ಮಿತವಾಗಿಟ್ಟುಕೊಂಡೇ ಇದನ್ನು ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದಾದರೆ, 90 ಡೆಸಿಬೆಲ್‌ನಲ್ಲಿ ಅದು 4 ಗಂಟೆಗೆ ಇಳಿಯುತ್ತದೆ. ಬಿಗಿತ ಚೆನ್ನಾಗಿದ್ದರೆ ಹೊರಗಿನ ಗದ್ದಲ ತಡೆಯಲ್ಪಡುವುದರಿಂದ ತಗ್ಗಿದ ಮಟ್ಟವೇ ಸಾಕಾಗುತ್ತದೆ. ಆರಂಭದಲ್ಲಿ ವಾಲ್ಯೂಮ್ ಎಲ್ಲಿತ್ತು ಎಂದು ಬರೆದಿಟ್ಟು, ಮಧ್ಯೆ ಮಧ್ಯೆ ನನಗರಿವಿಲ್ಲದೆ ಕೈ ಅದನ್ನು ಯಾವ ಕಡೆಗೆ ತಿರುಗಿಸಿದೆ ಎಂದು ನೋಡುತ್ತೇನೆ. ಮೇಲಕ್ಕೆ ತಿರುಗಿಸುತ್ತ ಹೋಗಿದ್ದರೆ ಹಾಡುವ ಧ್ವನಿ ಹಿಂದೆ ಸರಿದಿದೆ ಎಂದು ಶಂಕಿಸಿ ಮಧ್ಯದ ಆವೃತ್ತಿಗಳಿಗೆ ಮರಳುತ್ತೇನೆ. ಕೆಳಕ್ಕೆ ತಿರುಗಿಸುತ್ತ ಹೋಗಿದ್ದರೆ, ಮೊದಲ ಸುತ್ತಿನಲ್ಲಿ ಹೊಳಪೆಂದು ಮೆಚ್ಚಿದ್ದ ಶಿಖರ ಕಿವಿಯನ್ನು ದಣಿಸುತ್ತಿದೆ ಎಂದು ತಿಳಿದು, ಬೇರೆ ಟಿಪ್ ಹಾಕಿ, ಏರುವ ಸ್ವರದ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡುತ್ತೇನೆ.