ನಮ್ಮ ಕಾಳುಮೆಣಸು ಪಣಂಬೂರಿನಲ್ಲಿ ಎರಡು ದಿನ ನಿಂತಿದ್ದು

ತೀರ್ಥಹಳ್ಳಿ ಕಡೆಯ ನಾಲ್ಕು ಮನೆಯವರು ಸೇರಿ ಮೊದಲ ಸಲ ಹತ್ತು ಟನ್ ಕಾಳುಮೆಣಸನ್ನು ದುಬೈಗೆ ಕಳಿಸಿದೆವು. ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು.

ಶುರುವಿನ ಕೆಲಸ ಅಷ್ಟೇನೂ ಕಷ್ಟವಲ್ಲ. ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ, ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ 500 ರೂಪಾಯಿ. ಸ್ಪೈಸಸ್ ಬೋರ್ಡ್‌ನ ರಫ್ತುದಾರರ ನೋಂದಣಿ ಬೇಕೇ ಬೇಕು. ಐಜಿಎಸ್‌ಟಿ ತೆರಿಗೆ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಬೇಕು, ಅದನ್ನು ಪ್ರತಿ ಹಣಕಾಸು ವರ್ಷಕ್ಕೂ ಹೊಸದಾಗಿ ಹಾಕಬೇಕು. ರಫ್ತಿನ ಹಣ ಬರುವ ಬ್ಯಾಂಕಿನ ಗುರುತಾದ ಎಡಿ ಕೋಡ್‌ನ ಪತ್ರ ತಂದು ಕಸ್ಟಮ್ಸ್‌ನ ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಲು ಮಾತ್ರ ಜಾಸ್ತಿ ಓಡಾಡಿದೆ. ಚೀಲ ಕಟ್ಟುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಆಗುಂಬೆ ಘಾಟಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ ಅಲ್ವಾ? ಹುಲಿಕಲ್ ಘಾಟಿ ಇಳಿಸಿ, ಕುಂದಾಪುರದ ಮೇಲೆ ಮಾಲು ಮಂಗಳೂರಿನ ಪಣಂಬೂರು ಬಂದರು ಸೇರಿತು.

ಎಡವಿದ್ದು ಚೆಕ್‌ಲಿಸ್ಟ್‌ನಲ್ಲಿ. ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ, ಹಾಕುವ ಮೊದಲು ನಮ್ಮ ಪರವಾಗಿ ಕಸ್ಟಮ್ಸ್ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ಅದರ ಕರಡನ್ನು ಕಳಿಸುತ್ತಾರೆ, ಅದೇ ಚೆಕ್‌ಲಿಸ್ಟ್. ನನಗೆ ಅದು ರಾತ್ರಿ ವಾಟ್ಸಾಪ್‌ನಲ್ಲಿ ಬಂತು. ಹೆಸರು, ಮೊತ್ತ, ಸರಕು ಯಾವುದೆಂದು ಹೇಳುವ 090411 ಎಂಬ ಎಚ್‌ಎಸ್ ಕೋಡ್ ನೋಡಿ ‘ಸರಿ ಇದೆ’ ಎಂದುಬಿಟ್ಟೆ. ತೂಕದ ಸಾಲು ನೋಡಲೇ ಇಲ್ಲ.

ನಮ್ಮದು ಐವತ್ತು ಕೆಜಿಯ 200 ಚೀಲ. ಖಾಲಿ ಚೀಲವೇ 150 ಗ್ರಾಂ ತೂಗುತ್ತಿತ್ತು. ಅಂದರೆ ನಿವ್ವಳ ತೂಕ 10,000 ಕೆಜಿ, ಚೀಲ ಸೇರಿ 10,030. ಚೆಕ್‌ಲಿಸ್ಟ್‌ನಲ್ಲಿ ಎರಡೂ ಕಡೆ 10,030 ಬಿದ್ದಿತ್ತು. ಇನ್‌ವಾಯ್ಸ್‌ನಲ್ಲಿ 10,000, ಖರೀದಿದಾರರು ಕೇಳಿದ್ದ ಫೈಟೋಸ್ಯಾನಿಟರಿ (ಕೀಟ-ರೋಗ ಇಲ್ಲವೆನ್ನುವ) ಪ್ರಮಾಣಪತ್ರದಲ್ಲೂ 10,000. ಯಾವುದು ಸರಿ ಎಂದು ಕಸ್ಟಮ್ಸ್ ಅಧಿಕಾರಿ ಕೇಳಿದರು. ಕೇಳಬೇಕಾದ್ದೇ.

ಆಮೇಲೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಅರ್ಜಿ, ಜೊತೆಗೆ ತೂಕದ ಚೀಟಿ. ಎರಡು ದಿನ ಹೋಯಿತು, ಗೋದಾಮಿನ ಬಾಡಿಗೆಯೂ ಏರಿತು. ಬಾಡಿಗೆಗಿಂತ ಹೆದರಿಕೆ ಹುಟ್ಟಿಸಿದ್ದು ಮೋಡ. ಆಗ ಮೇ ಕೊನೆ. ನಮ್ಮ ಅಂಗಳದಲ್ಲಿ ಕಟಕಟ ಅನ್ನುವಷ್ಟು ಒಣಗಿಸಿದ ಮೆಣಸು ಕರಾವಳಿಯ ಗಾಳಿಗೆ ತೇವ ಎಳೆದುಕೊಳ್ಳುತ್ತದೆ, ಬೂಸ್ಟು ಬಂದರೆ ಮುಗಿಯಿತು. ದಿನಾ ಹೋಗಿ ಮಾದರಿ ಚೀಲಕ್ಕೆ ಕೈ ಹಾಕಿ, ಒಂದು ಕಾಳು ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಅಂದರೆ ಮಾಲು ಕಳಿಸಲು ಕಸ್ಟಮ್ಸ್‌ನ ಅನುಮತಿ, ಸಿಕ್ಕಿತು.

ಈಗ ಚೆಕ್‌ಲಿಸ್ಟ್ ಬಂದರೆ ಪ್ರಿಂಟ್ ತೆಗೆಯುತ್ತೇನೆ. ನಾನು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತೇನೆ, ಪಕ್ಕದ ಮನೆಯ ಅಣ್ಣ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಹಿಡಿದು ತಾಳೆ ನೋಡುತ್ತಾರೆ. ಅರ್ಧ ಗಂಟೆ ಸಾಕು. ಹೊಸ ಚೀಲ ತಂದಾಗಲೆಲ್ಲ ಮೊದಲು ಖಾಲಿ ಚೀಲವನ್ನೇ ತಕ್ಕಡಿಗೆ ಹಾಕುತ್ತೇವೆ.